76 ಅಂತಸ್ತಿನ ಅಡಿಯ ಹಾಜರಿ ಪುಸ್ತಕ

ಮುಂಬಯಿಯ ಲೋವರ್ ಪರೇಲಿನಲ್ಲಿರುವ ವರ್ಲ್ಡ್ ಒನ್ ಗೋಪುರದ ಎತ್ತರ 280.2 ಮೀಟರ್, ಅಂತಸ್ತು 76. ಮೊದಲ ಯೋಜನೆಯಲ್ಲಿ 442 ಮೀಟರ್ ಎಂದಿತ್ತು. ವಿಮಾನ ನಿಲ್ದಾಣ ಪ್ರಾಧಿಕಾರದ ಒಪ್ಪಿಗೆ ಸಿಗದೆ ತಗ್ಗಿತು. ನಕ್ಷೆ ಅಮೆರಿಕದ ಪೇಯ್ ಕಾಬ್ ಫ್ರೀಡ್ ಸಂಸ್ಥೆಯದು, ಒಳಾಲಂಕಾರ ಇಟಲಿಯ ಅರ್ಮಾನಿಯದು, ಕಟ್ಟಿಸಿದ್ದು ಲೋಧಾ. ಇಷ್ಟು ವಿವರ ಎಲ್ಲಿ ಹುಡುಕಿದರೂ ಸಿಗುತ್ತದೆ. ನನಗೆ ಬೇಕಾಗಿದ್ದದ್ದು ಗೋಪುರದ ಬುಡದ ಲೆಕ್ಕ. ಆ ನೆಲ ಶ್ರೀನಿವಾಸ ಮಿಲ್ಲಿನದು. ಗಿರಣಿಯ ನೆಲ ಯಾವ ಕಾನೂನಿನಿಂದ ಶ್ರೀಮಂತರ ಮನೆಯ ನೆಲವಾಯಿತು, ಅದರಲ್ಲಿ ಗಿರಣಿಯಲ್ಲಿ ದುಡಿದವರಿಗೆ ಬಂದ ಪಾಲೆಷ್ಟು ಎಂಬುದನ್ನು ಕಾಗದದ ಮೇಲೆ ನೋಡಬೇಕಿತ್ತು.

ಕೊಲ್ಹಾಪುರ ಜಿಲ್ಲೆಯ ನಾಂದಣಿಯಲ್ಲಿ ಕೂತು ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. ಇದೇ ಜಿಲ್ಲೆಯ ಗಡಹಿಂಗ್ಲಜ, ಆಜರಾ, ಚಂದಗಡ ಸೀಮೆಯಿಂದ ತಲೆಮಾರುಗಟ್ಟಲೆ ಗಂಡಸರು ಮುಂಬಯಿ ಗಿರಣಿಗೆ ಹೋದರು. ಚಾಳಿನ ಒಂದು ಖೋಲಿಯಲ್ಲಿ ಇಡೀ ಊರಿನ ಹುಡುಗರು ಪಾಳಿಯ ಪ್ರಕಾರ ಮಲಗಿ ಏಳುತ್ತಿದ್ದರು, ಖಾನಾವಳಿಯಲ್ಲಿ ಉಣ್ಣುತ್ತಿದ್ದರು. ಅವರಲ್ಲಿ ಕನ್ನಡ ಮಾತಾಡುವವರೂ ಇದ್ದರು. ಗಿರಣಿಯ ಹಾಜರಿಯಲ್ಲಿ ಭಾಷೆಯ ಕಾಲಂ ಇಲ್ಲವಾದ್ದರಿಂದ ಅವರು ದಾಖಲೆಯಲ್ಲಿ ಬೇರೆಯಾಗಿ ಕಾಣುವುದಿಲ್ಲ.

ಮೊದಲು ಬಿಚ್ಚಿದ್ದು 1991ರ ಮುಂಬಯಿ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ. ಅದರ 58ನೇ ನಿಯಮ ಗಿರಣಿ ನೆಲದ್ದು. ಮಾಲೀಕ ಆ ನೆಲವನ್ನು ಬೇರೆ ಉದ್ದೇಶಕ್ಕೆ ಬಳಸಬೇಕೆಂದರೆ ಸ್ಥೂಲವಾಗಿ ಮೂರು ಪಾಲು ಮಾಡಬೇಕು. ಒಂದು ಪಾಲು ಬಯಲಿಗೆಂದು ಮಹಾನಗರ ಪಾಲಿಕೆಗೆ, ಒಂದು ಸಾರ್ವಜನಿಕ ವಸತಿಗೆಂದು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾಕ್ಕೆ, ಉಳಿದದ್ದು ಮಾಲೀಕನಿಗೆ. ಗಿರಣಿಗಳ ಒಟ್ಟು ನೆಲ ಸುಮಾರು 600 ಎಕರೆ. ಮೂರರಲ್ಲಿ ಒಂದು ಪಾಲೆಂದರೂ ಆ ಇಕ್ಕಟ್ಟಿನ ಶಹರಕ್ಕೆ ದೊಡ್ಡ ಉಸಿರು. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿ ರಾಷ್ಟ್ರೀಯ ಜವಳಿ ನಿಗಮದ ಗಿರಣಿಗಳ ನೆಲವನ್ನು ಒಟ್ಟಾಗಿ ಯೋಜಿಸಬೇಕೆಂದು ವರದಿಯನ್ನೂ ಕೊಟ್ಟಿತ್ತು.

2001ರ ತಿದ್ದುಪಡಿಗೆ ಬಂದಾಗ ನಾನು ಪುಟ ತಿರುವುವುದನ್ನು ನಿಲ್ಲಿಸಿದೆ. ಪಾಲಿನ ಸೂತ್ರ ಹಾಗೇ ಇದೆ. ಆದರೆ ಅದು ಮೊದಲೇ ಖಾಲಿಯಿದ್ದ ಜಾಗಕ್ಕಷ್ಟೇ. ಗಿರಣಿಯ ಶೆಡ್ಡು ಕೆಡವಿ ತೆರವಾಗುವ ನೆಲ ಲೆಕ್ಕದಿಂದ ಹೊರಗೆ. ಗಿರಣಿಯ ಆವರಣ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನೂಲುವ ಖಾತೆ, ನೇಯುವ ಖಾತೆ, ಗೋದಾಮು, ಬಾಯ್ಲರ್ ಮನೆ ಎಂದು ಗೋಡೆಗೆ ಗೋಡೆ ಹತ್ತಿರುತ್ತಿತ್ತು. ಖಾಲಿ ಜಾಗ ಎಲ್ಲಿಂದ ಬರಬೇಕು?

ಬಾಂಬೆ ಎನ್ವಿರಾನ್‌ಮೆಂಟಲ್ ಆಕ್ಷನ್ ಗ್ರೂಪ್ ಇದನ್ನು ಕೋರ್ಟಿಗೆ ಒಯ್ದಿತು. 2005ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. 2006ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪರೇಲಿನ ಗೋಪುರಗಳಿಗೆ ನಿಜವಾದ ಪಾಯ ಬಿದ್ದದ್ದು ಅಂದೇ ಎಂದು ನನ್ನ ಖಚಿತ ಅಭಿಪ್ರಾಯ. ನೆಲದ ಬೆಲೆಯ ಓಟಕ್ಕೆ ಒಂದೇ ಉದಾಹರಣೆ ಸಾಕು. ಮುಂಬಯಿ ಟೆಕ್ಸ್‌ಟೈಲ್ ಮಿಲ್ಲಿನ ನೆಲವನ್ನು 2005ರ ಹರಾಜಿನಲ್ಲಿ ಡಿಎಲ್‌ಎಫ್ 702 ಕೋಟಿಗೆ ಹಿಡಿಯಿತು. 2012ರಲ್ಲಿ ಅದನ್ನೇ ಲೋಧಾ ಸುಮಾರು 2,700 ಕೋಟಿಗೆ ಕೊಂಡಿತು. ಈಗ ಅಲ್ಲಿ 'ದಿ ಪಾರ್ಕ್' ಎಂಬ ಗೋಪುರಗಳ ಗುಂಪಿದೆ.

ಇನ್ನು ದುಡಿದವರ ಕಾಗದ. ಮ್ಹಾಡಾ ಮನೆಗೆ ಅರ್ಜಿ ಹಾಕಲು 1982ರ ಜನವರಿ 1ರಂದು ಅಥವಾ ಆಮೇಲೆ ಗಿರಣಿಯ ಪಟ್ಟಿಯಲ್ಲಿ ಹೆಸರಿರಬೇಕು. ಈ ದಿನಾಂಕ ನೋಡಿ. ಕಾರ್ಮಿಕ ಮುಖಂಡ ದತ್ತಾ ಸಾಮಂತರ ಮುಂದಾಳತ್ವದ ಗಿರಣಿ ಸಂಪ, ಅಂದರೆ ಮುಷ್ಕರ, ಶುರುವಾದದ್ದು ಅದೇ ತಿಂಗಳ 18ಕ್ಕೆ. ಎರಡೂವರೆ ಲಕ್ಷದಷ್ಟು ಜನ ಹೊರಬಿದ್ದರು, ಬಹುಪಾಲು ಮಂದಿ ತಿರುಗಿ ಒಳಗೆ ಕಾಲಿಡಲಿಲ್ಲ. ಸಂಪ ಮಾಡಿದವರ ಹಕ್ಕು ಉಳಿದದ್ದು ಆ ಹದಿನೇಳು ದಿನಗಳ ಅಂತರದಿಂದ.

ಗಡಹಿಂಗ್ಲಜ ಕಡೆಯ ಹಿರಿಯರೊಬ್ಬರು ಗಿರಣಿಯಲ್ಲಿ ದುಡಿದದ್ದಕ್ಕೆ ಪುರಾವೆಯಾಗಿ ತಮ್ಮ ಇಎಸ್‌ಐ ಕಾರ್ಡು ತೋರಿಸಿದರು. ಮಡಿಕೆಯಲ್ಲಿ ಹರಿದದ್ದನ್ನು ಹಿಂದಿನಿಂದ ಪಾರದರ್ಶಕ ಟೇಪು ಹಚ್ಚಿ ಕೂಡಿಸಿದ್ದರು. ವಿಮಾ ನಂಬರು ಸ್ಪಷ್ಟವಿದೆ. ಹೆಸರು ಮಾತ್ರ ಗಿರಣಿಯ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದದ್ದು. ರೇಷನ್ ಕಾರ್ಡಿನ ಹೆಸರಿಗೆ ತಾಳೆಯಾಗದು. ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಿ ಜೋಡಿಸಿದ್ದಾರೆ. "ಕಾಕಾ, ಸಂಪ ಯಾವಾಗ ಮುಗೀತು?" ಎಂದೆ. "ಮುಗೀತಂತ ಯಾರ್ ಹೇಳ್ಯಾರ? ಗಿರಣಿ ಮುಗೀತು, ಸಂಪ ಹಂಗ ಅದ," ಎಂದರು. ಆ ಮಾತು ಸುಳ್ಳಲ್ಲ, ಸಂಪವನ್ನು ವಿಧಿವತ್ತಾಗಿ ಹಿಂತೆಗೆದುಕೊಂಡದ್ದೇ ಇಲ್ಲ.

ಬಟ್ಟೆ ನೇಯುವುದಂತೂ ನಿಲ್ಲಲಿಲ್ಲ. ಸಂಪದ ಕಾಲದಲ್ಲಿ ಕೆಲಸ ಭಿವಂಡಿ, ಮಾಲೇಗಾಂವ, ಇಚಲಕರಂಜಿಯ ಪವರ್‌ಲೂಮುಗಳಿಗೆ ಹರಿಯಿತು. ಇಚಲಕರಂಜಿಯಲ್ಲಿ ವಿಠ್ಠಲರಾವ್ ದಾತಾರರು 1904ರಲ್ಲೇ ಮೊದಲ ಪವರ್‌ಲೂಮು ಹೂಡಿದ್ದರು. ಇಂದು ಅಲ್ಲಿ ಲಕ್ಷಕ್ಕೂ ಮೇಲೆ ಮಗ್ಗಗಳಿವೆ. ನಮ್ಮ ಜಿಲ್ಲೆಯ ಒಂದು ಮೂಲೆ ಕಳೆದುಕೊಂಡ ಕೆಲಸ ಇನ್ನೊಂದು ಮೂಲೆಗೆ, ಕಡಿಮೆ ಕೂಲಿಗೆ, ಬಂದು ಸೇರಿತು. ಈ ನಂಟನ್ನು ನಮ್ಮವರು ಇನ್ನೂ ಸರಿಯಾಗಿ ಬರೆದಿಲ್ಲ ಎಂಬ ಕೊರಗು ನನಗಿದೆ.

ಕೊನೆಗೆ ಹುಡುಕುತ್ತಿದ್ದ ಸಾಲು 2020ರ ಮಾರ್ಚ್ 1ರ ಮ್ಹಾಡಾ ಲಾಟರಿಯಲ್ಲಿ ಸಿಕ್ಕಿತು. ಅಂದು 3,894 ಮನೆಗಳಿಗೆ ಚೀಟಿ ಎತ್ತಿದರು. ಬಾಂಬೆ ಡೈಯಿಂಗ್ ಮತ್ತು ಸ್ಪ್ರಿಂಗ್ ಮಿಲ್ಲಿನ ನೆಲದಲ್ಲಿ 3,350, ಶ್ರೀನಿವಾಸ ಮಿಲ್ಲಿನಲ್ಲಿ 544. ವರ್ಲ್ಡ್ ಒನ್ ನಿಂತ ಗಿರಣಿಯಿಂದ ದುಡಿದವರಿಗೆ ಬಂದದ್ದು ಈ 544. ಒಂದೊಂದು 225 ಚದರ ಅಡಿ, ಬೆಲೆ ಒಂಬತ್ತೂವರೆ ಲಕ್ಷ.

2012ರಿಂದ 2020ರವರೆಗಿನ ಲಾಟರಿಗಳನ್ನೆಲ್ಲ ಕೂಡಿಸಿದರೆ 15,870 ಮನೆ. ಅರ್ಜಿಗಳು ಸುಮಾರು 1.74 ಲಕ್ಷ. ಉಳಿದವರಿಗಾಗಿ 2024ರಲ್ಲಿ ಸರ್ಕಾರ ಶೇಲು ಮತ್ತು ವಾಂಗಣಿಯಲ್ಲಿ 81,000 ಮನೆಗಳ ಯೋಜನೆ ಮುಂದಿಟ್ಟಿತು. ಎರಡೂ ಬದಲಾಪುರ ದಾಟಿ ಕರ್ಜತ್ ದಾರಿಯಲ್ಲಿವೆ. ಗಿರಣಿ ಇದ್ದದ್ದು ಮುಂಬಯಿಯಲ್ಲಿ, ಮನೆಯೂ ಅಲ್ಲೇ ಬೇಕು ಎಂದು ಕಾರ್ಮಿಕ ಸಂಘಟನೆಗಳು 2025ರ ಜುಲೈನಲ್ಲಿ ಆಜಾದ್ ಮೈದಾನದಲ್ಲಿ ಸೇರಿದವು. ಕಾಕಾನ ಅರ್ಜಿಗೆ ನಾಲ್ಕು ಲಾಟರಿಯಲ್ಲೂ ಚೀಟಿ ಬಂದಿಲ್ಲ. ಶೇಲು ಮನೆಯ ಬಗ್ಗೆ ಅವರ ಮಗ ಓದಿ ಹೇಳಿದ ಮೇಲೆ ಅವರು ಕೇಳಿದ್ದು ಒಂದೇ, "ಅಲ್ಲಿ ಯಾವ ಗಿರಣಿ ಇತ್ತು?"