ನಗು ಯಾರ ಮೇಲೆ? ಕನ್ನಡ ಸಿನಿಮಾದ ರಾಜಕೀಯ ವಿಡಂಬನೆ ಮತ್ತು ನಾವು ಪ್ರೇಕ್ಷಕರು

2020ರ ಡಿಸೆಂಬರ್. ಗ್ರಾಮ ಪಂಚಾಯ್ತಿ ಚುನಾವಣೆಯ ಬಿಸಿ. ಕೊರೊನಾ ಕಾರಣಕ್ಕೆ ನಾನು ಬೆಂಗಳೂರು ಬಿಟ್ಟು ಊರಲ್ಲೇ ಕೂತು ಕೆಲಸ ಮಾಡ್ತಿದ್ದೆ. ಊರು ಅಂದ್ರೆ ಗದಗ ತಾಲ್ಲೂಕಿನ ಮಲ್ಲಸಮುದ್ರ. ಒಂದು ಸಂಜೆ ಗುಡಿ ಕಟ್ಟೆ ಮೇಲೆ ಕೂತವರಿಗೆ ಮೊಬೈಲಲ್ಲಿ ‘ಹಂಬಲ್ ಪೊಲಿಟಿಷಿಯನ್ ನೊಗ್ರಾಜ್’ ಚಿತ್ರದ ತುಣುಕು ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಾಗೆ ನಕ್ಕವರಲ್ಲಿ ಇಬ್ಬರು ಅಭ್ಯರ್ಥಿಗಳೇ ಇದ್ದರು! “ಖರೇ ಐತಿ ನೋಡ್ರಿ, ಇಂಥಾವ್ರ ತುಂಬ್ಯಾರ” ಅಂತ ಅವರಲ್ಲೊಬ್ಬರು ತಲೆ ಆಡಿಸಿದರು.

ರಾಜಕಾರಣಿಯನ್ನು ಗೇಲಿ ಮಾಡುವ ಸಿನಿಮಾ ನೋಡಿ ರಾಜಕಾರಣಿಯೇ ಆರಾಮಾಗಿ ನಗ್ತಾನೆ ಅಂದ್ರೆ ಆ ಗೇಲಿ ತಾಗಿದ್ದು ಯಾರಿಗೆ? ಈ ಪ್ರಶ್ನೆ ಇಟ್ಟುಕೊಂಡು ಕನ್ನಡದ ರಾಜಕೀಯ ವಿಡಂಬನೆಯನ್ನು ಒಮ್ಮೆ ನೋಡೋಣ.

ವಿಡಂಬನೆ ಅಂದ್ರೆ ಏನು?

ಹಾಸ್ಯ ನಗಿಸಿದರೆ ಸಾಕು. ಅಣಕ ಅಂದ್ರೆ ಒಬ್ಬರ ಮಾತು, ನಡಿಗೆಯ ನಕಲು. ವಿಡಂಬನೆಗೆ ಇನ್ನೊಂದು ಕೆಲಸವಿದೆ: ನಾವು ಸಹಜ ಅಂತ ಒಪ್ಪಿಕೊಂಡಿರುವ ತಪ್ಪನ್ನು ದೊಡ್ಡದು ಮಾಡಿ ತೋರಿಸಿ, “ಇದು ಸಹಜ ಹೇಗಾಯ್ತು?” ಅಂತ ಕೇಳುವುದು. ನಗು ಅಲ್ಲಿ ದಾರಿ ಮಾತ್ರ. ನಮ್ಮ ಎಷ್ಟೋ ಸಿನಿಮಾಗಳಲ್ಲಿ ಬರುವ ಭ್ರಷ್ಟ ಮಂತ್ರಿ ಬರೀ ಹಾಸ್ಯಪಾತ್ರ. ಅವನಿಂದ ಯಾರಿಗೂ ಇರಿಸುಮುರಿಸು ಆಗಲ್ಲ.

ಬೇರು ನಾಟಕದಲ್ಲಿದೆ

ಕನ್ನಡದಲ್ಲಿ ಈ ಪರಂಪರೆಯ ದೊಡ್ಡ ಹೆಸರು ಮಾಸ್ಟರ್ ಹಿರಣ್ಣಯ್ಯ (1934–2019). ಅವರ ‘ಲಂಚಾವತಾರ’ ಸಾವಿರಾರು ಪ್ರಯೋಗ ಕಂಡ ನಾಟಕ. ಆವತ್ತಿನ ಸುದ್ದಿಯನ್ನು ಆವತ್ತೇ ಮಾತಿಗೆ ಸೇರಿಸಿಕೊಳ್ಳುತ್ತಿದ್ದುದು ಅವರ ಬಲ. ಇನ್ನೊಂದು ‘ಮುಖ್ಯಮಂತ್ರಿ’ ನಾಟಕ. ಅದರಲ್ಲಿ ಮುಖ್ಯಮಂತ್ರಿ ಆದ ಚಂದ್ರು ಅವರಿಗೆ ಪಾತ್ರದ ಹೆಸರೇ ಅಂಟಿಕೊಂಡಿತು. 1985ರಲ್ಲಿ ಗೌರಿಬಿದನೂರಿನಿಂದ ಗೆದ್ದು ಅವರು ನಿಜವಾಗಿಯೂ ವಿಧಾನಸಭೆಗೆ ಹೋದರು.

ಈ ದಾರಿಯಲ್ಲಿ ಹೋದವರು ಅವರೊಬ್ಬರೇ ಅಲ್ಲ. 2006ರ ‘ಮಠ’ ಚಿತ್ರದಲ್ಲಿ ನಮ್ಮನ್ನು ನಗಿಸಿದ ಜಗ್ಗೇಶ್ 2008ರಲ್ಲಿ ತುರುವೇಕೆರೆಯಿಂದ ಕಾಂಗ್ರೆಸ್ ಶಾಸಕರಾದರು, ಆಮೇಲೆ ಬಿಜೆಪಿ ಸೇರಿದರು, 2022ರಲ್ಲಿ ರಾಜ್ಯಸಭೆಗೆ ಹೋದರು. ತಪ್ಪೇನಿಲ್ಲ, ಯಾರು ಬೇಕಾದರೂ ರಾಜಕೀಯಕ್ಕೆ ಬರಬಹುದು. ಆದರೆ ವ್ಯವಸ್ಥೆಯನ್ನು ನೋಡಿ ನಗುವ ಜಾಗಕ್ಕೂ ವ್ಯವಸ್ಥೆಯ ಒಳಗಿನ ಜಾಗಕ್ಕೂ ಇಲ್ಲಿ ಅಂಥ ದೂರವಿಲ್ಲ ಅನ್ನೋದಂತೂ ಗೊತ್ತಾಗುತ್ತೆ.

ಪ್ರೇಕ್ಷಕರ ಮೂರು ಪ್ರತಿಕ್ರಿಯೆ

ಒಂದು: ‘ಅದು ಅವರ ಕತೆ.’ ಡ್ಯಾನಿಶ್ ಸೇಠ್ ನಟಿಸಿ, ಸಾದ್ ಖಾನ್ ನಿರ್ದೇಶಿಸಿದ ‘ನೊಗ್ರಾಜ್’ 2018ರ ಜನವರಿಯಲ್ಲಿ ಬಂತು, ವಿಧಾನಸಭಾ ಚುನಾವಣೆಗೆ ನಾಲ್ಕು ತಿಂಗಳ ಮುಂಚೆ. ಶಾಸಕನಾಗಲು ಹೊರಟ ಬೆಂಗಳೂರಿನ ಭ್ರಷ್ಟ ಕಾರ್ಪೊರೇಟರ್ ಅದರ ನಾಯಕ. ನಾವು ನಕ್ಕೆವು. ಮುಂದಿನ ವರ್ಷ ಜುಲೈನಲ್ಲಿ ರೆಸಾರ್ಟ್ ರಾಜಕೀಯದ ನಡುವೆ ಸಮ್ಮಿಶ್ರ ಸರ್ಕಾರ ಬಿತ್ತು, 17 ಶಾಸಕರು ಅನರ್ಹರಾದರು. 2022ರಲ್ಲಿ ನೊಗ್ರಾಜ್ ವೆಬ್ ಸರಣಿಯಾಗಿ ವಾಪಸ್ ಬಂದಾಗ ಅದರಲ್ಲಿ ಇದ್ದದ್ದೂ ರೆಸಾರ್ಟ್ ರಾಜಕೀಯವೇ. ಅಷ್ಟೊತ್ತಿಗೆ ನಮಗೆ ಅದು ಉತ್ಪ್ರೇಕ್ಷೆ ಅನ್ನಿಸಲೇ ಇಲ್ಲ. ವಿಡಂಬನೆಗೆ ಬರುವ ದೊಡ್ಡ ಕಷ್ಟ ಇದು. ಸುದ್ದಿಯೇ ಮುಂದೆ ಓಡಿದರೆ ಸಿನಿಮಾ ಎಷ್ಟು ದೊಡ್ಡದು ಮಾಡಿ ತೋರಿಸೀತು?

ಎರಡು: ‘ಇದು ಎದುರು ಪಾರ್ಟಿಗೆ ಸರಿಯಾಗಿದೆ.’ ತುಣುಕು ಕತ್ತರಿಸಿ ವಾಟ್ಸಾಪಿಗೆ ಹಾಕೋದು. 2019ರ ಮಂಡ್ಯ ಚುನಾವಣೆ ನೆನಪಿರಬೇಕಲ್ಲ? 2016ರ ಒಂದು ಸಿನಿಮಾ ಕಾರ್ಯಕ್ರಮದಲ್ಲಿ ಅಪ್ಪ ಮಗನನ್ನು ಕರೆದ ‘ನಿಖಿಲ್ ಎಲ್ಲಿದ್ದೀಯಪ್ಪ’ ಅನ್ನೋ ಮಾತು ರಾಜ್ಯದ ತುಂಬಾ ಮೀಮ್ ಆಯ್ತು. ಅದನ್ನೇ ಶೀರ್ಷಿಕೆ ಕೊಡಿ ಅಂತ ಫಿಲ್ಮ್ ಚೇಂಬರಿಗೆ ಅರ್ಜಿ ಹೋದದ್ದೂ ಸುದ್ದಿಯಾಯ್ತು. ಇಲ್ಲಿ ವಿಡಂಬನೆ ಮಾಡಿದ್ದು ಪ್ರೇಕ್ಷಕರೇ, ಸಿನಿಮಾದವರು ಹಿಂದೆ ಬಂದರು. ಆದರೆ ಆ ನಗು ಒಂದು ಗುಂಪಿನ ಕೈಯಲ್ಲಿ ಇನ್ನೊಂದು ಗುಂಪಿಗೆ ಹೊಡೆಯುವ ಕೋಲಾಯಿತು.

ಮೂರು: ಸಿಟ್ಟು. ‘ನಮ್ಮ ನಾಯಕನಿಗೆ, ನಮ್ಮ ಜಾತಿಗೆ ಅವಮಾನ, ಪ್ರದರ್ಶನ ನಿಲ್ಲಿಸಿ.’

ಸಿಟ್ಟಿಗೆ ಕಾನೂನು ಏನನ್ನುತ್ತೆ?

ಥಿಯೇಟರಿಗೆ ಬರುವ ಸಿನಿಮಾಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕೇ ಬೇಕು. ನಾಟಕಕ್ಕೂ ಸಿನಿಮಾಗೂ ಇರುವ ಮುಖ್ಯ ವ್ಯತ್ಯಾಸ ಇದು: ಹಿರಣ್ಣಯ್ಯನವರ ಹಾಗೆ ಇವತ್ತಿನ ಸುದ್ದಿಯನ್ನು ಇವತ್ತೇ ಸೇರಿಸೋಕೆ ಸಿನಿಮಾದಲ್ಲಿ ಆಗಲ್ಲ. ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೊದಲು ಮೇಲ್ಮನವಿ ನ್ಯಾಯಮಂಡಳಿ ಇತ್ತು. 2021ರಲ್ಲಿ ಅದನ್ನು ರದ್ದು ಮಾಡಿದರು. ಈಗ ನೇರ ಹೈಕೋರ್ಟಿಗೇ ಹೋಗಬೇಕು. ಸಣ್ಣ ನಿರ್ಮಾಪಕನಿಗೆ ಅಷ್ಟು ದುಡ್ಡು, ಅಷ್ಟು ಟೈಮ್ ಎಲ್ಲಿರುತ್ತೆ? ಹಾಗಾಗಿ ಕತ್ತರಿ ಸ್ಕ್ರಿಪ್ಟ್ ಬರೆಯುವಾಗಲೇ ಬೀಳುತ್ತೆ.

ಪ್ರಮಾಣಪತ್ರ ಸಿಕ್ಕ ಮೇಲೆ ಗಲಾಟೆ ಆಗುತ್ತೆ ಅಂತ ನಿಲ್ಲಿಸಬಹುದಾ? 1989ರಲ್ಲಿ ಎಸ್. ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಅಂದಿತು. ವಿಷಯ ಮೀಸಲಾತಿ ಕುರಿತ ಒಂದು ತಮಿಳು ಸಿನಿಮಾ. ಪ್ರತಿಭಟನೆಯ ಬೆದರಿಕೆಗೆ ಹೆದರಿ ಅಭಿವ್ಯಕ್ತಿಯನ್ನು ಅದುಮುವಂತಿಲ್ಲ, ಅದನ್ನು ಕಾಪಾಡುವುದು ಸರ್ಕಾರದ ಕರ್ತವ್ಯ ಅನ್ನೋದು ತೀರ್ಪಿನ ಸಾರ. ಪ್ರದರ್ಶನ ನಿಲ್ಲಿಸಿ ಅನ್ನೋ ಪೋಸ್ಟ್ ಶೇರ್ ಮಾಡುವ ಮುಂಚೆ ಇದು ನೆನಪಿರಲಿ, ಸಿನಿಮಾ ನಿಮಗೆ ಇಷ್ಟವಾಗದಿದ್ದರೂ.

ಚಪ್ಪಾಳೆ ಹೊಡೆದ ನಾವು

ನನ್ನ ಪ್ರಕಾರ ಈ ಮೂರರಲ್ಲೂ ಒಂದು ಪ್ರತಿಕ್ರಿಯೆ ಬಿಟ್ಟುಹೋಗಿದೆ: ‘ಇದು ನನ್ನ ಕತೆ.’

2018ರಲ್ಲೇ ಬಂದ ರಿಷಬ್ ಶೆಟ್ಟರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ನೆನಪಿಸಿಕೊಳ್ಳಿ. ಕನ್ನಡ ಶಾಲೆ ಮುಚ್ಚಲು ಹೊರಟ ಅಧಿಕಾರಿಗಳನ್ನು ಮಕ್ಕಳು ಎದುರಿಸುವ ಹಾಸ್ಯ ಚಿತ್ರ. ಮುಂದೆ ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಅನಂತನಾಗ್ ಕೋರ್ಟಿನಲ್ಲಿ ವಾದ ಮಾಡುವಾಗ ಥಿಯೇಟರಲ್ಲಿ ನಾನೂ ಚಪ್ಪಾಳೆ ಹೊಡೆದೆ. ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಆದರೆ ಅಣ್ಣನ ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿ ಅಂತ ಮನೆಯಲ್ಲಿ ಹಟ ಹಿಡಿದವನೂ ನಾನೇ. ಮರುವರ್ಷ ಸರ್ಕಾರ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತರಗತಿ ಶುರು ಮಾಡ್ತು. ಅದಕ್ಕೆ ಪಾಲಕರಿಂದ ಬೇಡಿಕೆಯೂ ಇತ್ತು. ಪಾಲಕರನ್ನು ಬೈಯೋಕೆ ಇದನ್ನು ಹೇಳ್ತಿಲ್ಲ, ಅವರಿಗೆ ಅವರ ಕಾರಣಗಳಿವೆ. ಆದರೆ ಸಿನಿಮಾದ ಅಧಿಕಾರಿಯನ್ನು ನೋಡಿ ನಕ್ಕ ನಮಗೆ, ಶಾಲೆ ಖಾಲಿಯಾಗಲು ನಮ್ಮದೂ ಪಾಲಿದೆ ಅಂತ ಹೊಳೆಯಲೇ ಇಲ್ಲ.

ನಮ್ಮ ಕಾಕಾ ಜಾತ್ರೆ ನಾಟಕದಲ್ಲಿ ಹಾಸ್ಯಪಾತ್ರ ಮಾಡೋರು. ನಾನು ಇಂಜಿನಿಯರಿಂಗ್ ಓದ್ತಿದ್ದಾಗಿನ ಮಾತು. ಆ ವರ್ಷ ಸ್ಟೇಜ್ ಮೇಲೆ ನಿಂತು, ಮುಂದಿನ ಸಾಲಲ್ಲಿ ಕೂತ ಪುಢಾರಿಯನ್ನೇ ನೋಡಿ ರಸ್ತೆ ಬಿಲ್ಲಿನ ಬಗ್ಗೆ ಒಂದು ಮಾತು ಒಗೆದರು. ಜನ ಶಿಳ್ಳೆ ಹೊಡೆದರು. ಪುಢಾರಿಯೂ ನಕ್ಕು, ಮೈಕಿನಲ್ಲಿ ಕೂಗಿಸಿ 501 ರೂಪಾಯಿ ಬಹುಮಾನ ಕೊಟ್ಟರು. ಕಾಕಾ ಆ ನೋಟುಗಳನ್ನು ಜನರ ಕಡೆ ಹಿಡಿದು, “ಇವ್ರು ನನಗ ಈಗ ಕೊಟ್ರು. ನಿಮಗ ಇಲೆಕ್ಷನ್ ಹಿಂದಿನ ರಾತ್ರಿನ ಕೊಟ್ಟಾರಲ್ರೀ? ಹಂಗಾರ ರಸ್ತೆ ಯಾರ ತಿಂದ್ರು?” ಅಂದರು.

ಶಿಳ್ಳೆ ನಿಂತಿತು. ಹೆಣ್ಣುಮಕ್ಕಳ ಕಡೆಯಿಂದ ಯಾರೋ ಒಬ್ಬರು ಕಿಸಕ್ಕನೆ ನಕ್ಕದ್ದು ಬಿಟ್ಟರೆ ಎಲ್ಲ ಗಪ್‌ಚುಪ್. ನಾನೂ ನಗಲಿಲ್ಲ. ಆ ರಾತ್ರಿ ನಮ್ಮ ಮನೆಗೂ ಲಕೋಟೆ ಬಂದಿತ್ತು. ಆ ದುಡ್ಡಲ್ಲಿ ನನ್ನ ಸೆಮಿಸ್ಟರ್ ಪುಸ್ತಕ ಬಂದಿದ್ದವು. ಕಾಕಾಗೆ ಅದು ಗೊತ್ತಿತ್ತು.

ಮರುವರ್ಷ ನಾಟಕದಲ್ಲಿ ಕಾಕಾಗೆ ಪಾತ್ರ ಸಿಗಲಿಲ್ಲ. ಬೇಡ ಅಂದಿದ್ದು ಪುಢಾರಿ ಅಲ್ಲ, ನಾವೇ, ಊರವರು. ಹಂಗಾಗಿಯೇ ನನಗೆ ಸೆನ್ಸಾರ್ ಮಂಡಳಿಯ ಮೇಲೊಂದೇ ಸಿಟ್ಟು ಮಾಡಿಕೊಳ್ಳೋಕೆ ಆಗಲ್ಲ. ಭ್ರಷ್ಟ ಮಂತ್ರಿಯ ಪಾತ್ರ ಬರೆದರೆ ನಾವು ಟಿಕೆಟ್ ತಗೊಳ್ತೀವಿ, ಲಕೋಟೆ ಇಸಕೊಂಡವನ ಪಾತ್ರ ಬರೆದರೆ ಮುಖ ತಿರುಗಿಸ್ತೀವಿ ಅಂತ ಬರೆಯುವವರಿಗೂ ಗೊತ್ತಿದೆ.

ಮೊನ್ನೆ ಊರಿಗೆ ಹೋದಾಗ ಕಾಕಾಗೆ ನೊಗ್ರಾಜ್ ಪೂರ್ತಿ ತೋರಿಸಿದೆ. ನಕ್ಕರು, ಚಾ ಕುಡಿದರು. ಆಮೇಲೆ ಕೇಳಿದರು: “ಚೊಲೋ ಐತಿ. ಅವಂಗ ಓಟ್ ಹಾಕಿದವ್ರನ್ನ ಯಾಕ ತೋರ್ಸಿಲ್ಲೋ ತಮ್ಮಾ?”