ಊರಿಗೆಲ್ಲ ಒಂದು ನಿಸ್ತಂತು ಜಾಲ: ಒಂದು ಕನಸಿನ ಇತಿಹಾಸ

ಕಾಸರಗೋಡು ಸೀಮೆಯಲ್ಲಿ ನನ್ನ ಪ್ರಾಯದವರಿಗೆ ಪಂಚಾಯತು ರೇಡಿಯೊದ ನೆನಪು ಇದ್ದೀತು. ವಾಚನಾಲಯದ ಮಾಡಿನ ಕೆಳಗೆ ಕಟ್ಟಿದ ಧ್ವನಿವರ್ಧಕದ ಮುಂದೆ ಸಂಜೆಯ ಹೊತ್ತು ಹತ್ತಿಪ್ಪತ್ತು ಮಂದಿ ಕುಳಿತಿರುತ್ತಿದ್ದರು. ಮನೆಯಲ್ಲಿ ರೇಡಿಯೊ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿದ್ದ ಕಾಲವದು. ಅಷ್ಟು ಅನುಕೂಲವಿಲ್ಲದವರಿಗೆ ಊರ ರೇಡಿಯೊ ಇತ್ತು. ಆದರೆ ಪೆಟ್ಟಿಗೆ ಕೆಟ್ಟರೆ ರಿಪೇರಿಯ ಖರ್ಚು ಯಾರದು ಎಂಬ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ. ನಮ್ಮೂರಿನ ಪೆಟ್ಟಿಗೆ ಒಂದು ಮಳೆಗಾಲದಲ್ಲಿ ಕೆಟ್ಟದ್ದು ಮತ್ತೆ ಮಾತಾಡಲೇ ಇಲ್ಲ.

ನಿಸ್ತಂತು ಎಂಬ ಶಬ್ದ ನಮಗೆ ಆ ರೇಡಿಯೊದೊಂದಿಗೆ ಬಂತು. ಈಗ ಅದು ಅಂತರ್ಜಾಲಕ್ಕೂ ಅಂಟಿಕೊಂಡಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಲೋಕದ ಹಲವು ನಗರಗಳು ಒಂದು ಕನಸು ಕಂಡವು. ಬೀದಿದೀಪದಂತೆ, ಬೀದಿ ನಳ್ಳಿಯಂತೆ, ನಗರಕ್ಕೆಲ್ಲ ಒಂದೇ ವೈಫೈ ಜಾಲವಿರಬೇಕು; ಬಡವನೂ ಬಲ್ಲಿದನೂ ಎಲ್ಲಿ ನಿಂತರೂ ಅದು ಸಿಗಬೇಕು ಎಂಬುದೇ ಆ ಕನಸು. ಅದರ ಏಳುಬೀಳಿನ ಕಥೆ ಗಡಿಯ ಕನ್ನಡಿಗರಾದ ನಮಗೇಕೆ ಬೇಕು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲಿಗೆ ತಾಂತ್ರಿಕ ಸಂಗತಿಯನ್ನು ಚುಟುಕಾಗಿ ಹೇಳಿಬಿಡುವೆ. ರೇಡಿಯೊ ನಿಲಯಕ್ಕಾಗಲಿ ಮೊಬೈಲ್ ಕಂಪೆನಿಗಾಗಲಿ ತರಂಗಗಳನ್ನು ಬಳಸಲು ಸರಕಾರದ ಪರವಾನಗಿ ಬೇಕು. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಕೆಲವು ತರಂಗಪಟ್ಟಿಗಳಲ್ಲಿ ಪರವಾನಗಿಯಿಲ್ಲದೆ ಸಂವಹನ ನಡೆಸಲು ಅನುಮತಿ ಕೊಟ್ಟಿತು. ಅವು ಮೈಕ್ರೋವೇವ್ ಒಲೆಯಂತಹ ಉಪಕರಣಗಳ ಗದ್ದಲ ತುಂಬಿದ, ದೊಡ್ಡವರಾರೂ ಅಷ್ಟಾಗಿ ಬಯಸದ ಪಟ್ಟಿಗಳು, ಊರಿನ ಗೋಮಾಳವಿದ್ದಂತೆ. ವೈಫೈ ಹುಟ್ಟಿದ್ದು ಆ ಗೋಮಾಳದಲ್ಲಿ. ಅದರ ಮೊದಲ ಮಾನಕ 1997ರಲ್ಲಿ ಸಿದ್ಧವಾಯಿತು. ಒಂದು ಮನೆಗೆ, ಒಂದು ಕಚೇರಿಗೆ ಸಾಕಾಗುವಷ್ಟು ಶಕ್ತಿಯ ಈ ತರಂಗವನ್ನು ಇಡೀ ನಗರಕ್ಕೆ ಹಾಸಬಹುದೆಂಬ ಧೈರ್ಯವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಮಾಡಿದ ನಗರ ಅಮೆರಿಕದ ಫಿಲಡೆಲ್ಫಿಯ.

2004ರಲ್ಲಿ ಅಲ್ಲಿನ ಮೇಯರ್ ಜಾನ್ ಸ್ಟ್ರೀಟ್ ಈ ಯೋಜನೆಯನ್ನು ಪ್ರಕಟಿಸಿದಾಗ ಜಗತ್ತೇ ಅತ್ತ ನೋಡಿತು. ನಗರದ ವಿಸ್ತಾರ 135 ಚದರ ಮೈಲು, ಅಂದರೆ ಸುಮಾರು 350 ಚದರ ಕಿಲೋಮೀಟರು. ಬೀದಿದೀಪದ ಕಂಬಗಳಿಗೆ ಚಿಕ್ಕ ಪೆಟ್ಟಿಗೆಗಳನ್ನು ಕಟ್ಟುವುದು, ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಮಾತು ದಾಟಿಸುತ್ತ ಹೋಗುವುದು ಅವರ ಉಪಾಯ. ಬಡತನ ತೀವ್ರವಾಗಿದ್ದ ಆ ನಗರದಲ್ಲಿ ಮಕ್ಕಳ ಓದಿಗೂ ಕೆಲಸ ಹುಡುಕುವವರಿಗೂ ಜಾಲ ತಲುಪಬೇಕೆಂಬುದು ನಿಜವಾದ ಕಾಳಜಿಯೇ ಆಗಿತ್ತು. ಅದನ್ನು ಹುಸಿ ಎನ್ನಲಾಗದು.

ಆದರೆ ಮಾತು ಹೊರಬಿದ್ದದ್ದೇ ತಡ, ದೂರವಾಣಿ ಕಂಪೆನಿಗಳು ಎಚ್ಚೆತ್ತವು. ಅದೇ ವರ್ಷದ ನವೆಂಬರ್ 30ರಂದು ಪೆನ್ಸಿಲ್ವೇನಿಯ ರಾಜ್ಯದಲ್ಲಿ ಒಂದು ಕಾನೂನಿಗೆ ಸಹಿ ಬಿತ್ತು. ಯಾವುದೇ ಪೌರಸಭೆ ಶುಲ್ಕ ಪಡೆದು ಅಂತರ್ಜಾಲ ಕೊಡಬೇಕಾದರೆ ಮೊದಲು ಸ್ಥಳೀಯ ದೂರವಾಣಿ ಕಂಪೆನಿಯನ್ನು ಕೇಳಬೇಕು. ತಾನೇ ಕೊಡುತ್ತೇನೆಂದು ಕಂಪೆನಿ ಒಪ್ಪಿದರೆ ಪೌರಸಭೆ ಹಿಂದೆ ಸರಿಯಬೇಕು ಎಂದು ಅದರ ತಾತ್ಪರ್ಯ. ಸಹಿ ಹಾಕಿದ ಗವರ್ನರ್ ಎಡ್ ರೆಂಡೆಲ್ ಹಿಂದೊಮ್ಮೆ ಫಿಲಡೆಲ್ಫಿಯದ ಮೇಯರ್ ಆಗಿದ್ದವರು. ವೆರಿಜಾನ್ ಕಂಪೆನಿಯೊಡನೆ ಆದ ಒಪ್ಪಂದದಿಂದ ಫಿಲಡೆಲ್ಫಿಯ ಮಾತ್ರ ಈ ಬಲೆಯಿಂದ ಪಾರಾಯಿತು. ಆ ರಾಜ್ಯದ ಉಳಿದ ಊರುಗಳಿಗೆ ಆ ಭಾಗ್ಯವಿರಲಿಲ್ಲ.

ತೆರಿಗೆಯ ಹಣ ಮುಟ್ಟದೆಯೇ ಜಾಲ ಬರಬೇಕೆಂಬುದು ಅಂದಿನ ಮಂತ್ರ. 2005ರಲ್ಲಿ ಅರ್ಥ್‌ಲಿಂಕ್ ಎಂಬ ಖಾಸಗಿ ಕಂಪೆನಿ ಮುಂದೆ ಬಂದು, ಜಾಲ ಕಟ್ಟುವ ಖರ್ಚೆಲ್ಲ ತನ್ನದೇ ಎಂದಿತು. ಚಂದಾದಾರರಿಂದ ತಿಂಗಳಿಗೆ ಸುಮಾರು ಇಪ್ಪತ್ತು ಡಾಲರು, ಬಡವರಿಂದ ಅದರ ಅರ್ಧ ಪಡೆದು ಬಂಡವಾಳ ಮರಳಿಸಿಕೊಳ್ಳುವ ಲೆಕ್ಕ ಅದರದು. ಊರಿಗೆ ಜಾಲ, ಕಂಪೆನಿಗೆ ಲಾಭ, ನಗರಕ್ಕೆ ಖರ್ಚಿಲ್ಲ. ಲೆಕ್ಕದ ಪಾಠ ಮಾಡಿದ ನನಗೆ ಇಂಥ ಉತ್ತರ ಕಂಡಾಗಲೆಲ್ಲ ಮೇಲಿನ ಸಾಲುಗಳನ್ನು ಇನ್ನೊಮ್ಮೆ ನೋಡುವ ಅಭ್ಯಾಸ.

ತಪ್ಪು ಮೇಲಿನ ಸಾಲಿನಲ್ಲೇ ಇತ್ತು. ಈ ತರಂಗಕ್ಕೆ ಇಟ್ಟಿಗೆಯ ಗೋಡೆ ಶತ್ರು, ಮರದ ಹಸಿ ಎಲೆ ಶತ್ರು. ಕಂಬದ ಪೆಟ್ಟಿಗೆ ಗಟ್ಟಿಯಾಗಿ ಕೂಗಬಲ್ಲದು, ಆದರೆ ಮನೆಯೊಳಗಿನ ಲ್ಯಾಪ್‌ಟಾಪು ಅಷ್ಟೇ ಗಟ್ಟಿಯಾಗಿ ಮರುದನಿ ಕೊಡಲಾರದು. ಒಂದು ಚದರ ಮೈಲಿಗೆ ಬೇಕೆಂದು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಪೆಟ್ಟಿಗೆಗಳು ಬೇಕಾದವು. ಮನೆಯೊಳಗೆ ಸಂಪರ್ಕ ಸಿಗಲು ಕಿಟಕಿಯ ಬಳಿ ಮತ್ತೊಂದು ಉಪಕರಣ ಇಡಬೇಕಾಯಿತು. ನಿಸ್ತಂತುವೆಂದರೂ ಕಂಬದ ಪೆಟ್ಟಿಗೆಗಳ ಹಿಂದೆ ಎಲ್ಲೋ ಒಂದೆಡೆ ತಂತಿ ಇರಲೇಬೇಕು, ಅದರ ಬಾಡಿಗೆ ಕೊಡಲೇಬೇಕು. ಇತ್ತ ತಂತಿಯ ಬ್ರಾಡ್‌ಬ್ಯಾಂಡ್ ದಿನೇ ದಿನೇ ಅಗ್ಗವಾಗುತ್ತಿತ್ತು. ಚಂದಾದಾರರು ಎಣಿಸಿದಷ್ಟು ಬರಲಿಲ್ಲ. 2007ರ ಆಗಸ್ಟಿನಲ್ಲಿ ಅರ್ಥ್‌ಲಿಂಕ್ ತನ್ನ ನೌಕರರಲ್ಲಿ ಅರ್ಧದಷ್ಟು, ಅಂದರೆ 900 ಮಂದಿಯನ್ನು ಮನೆಗೆ ಕಳುಹಿಸಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೂಗಲ್ ಜತೆಗೂಡಿ ಒಪ್ಪಿಕೊಂಡಿದ್ದ ಇಂಥದೇ ಯೋಜನೆಯನ್ನೂ ಕೈಬಿಟ್ಟಿತು. 2008ರ ಮೇ ತಿಂಗಳಲ್ಲಿ ಫಿಲಡೆಲ್ಫಿಯದಿಂದಲೂ ಹೊರನಡೆಯಿತು. ಉಳಿದ ಜಾಲವನ್ನು ಸ್ಥಳೀಯ ಹೂಡಿಕೆದಾರರು ಕೆಲಕಾಲ ನಡೆಸಿದರು. ಕೊನೆಗೆ 2009ರ ಡಿಸೆಂಬರಿನಲ್ಲಿ ನಗರವೇ ಅದನ್ನು ಸುಮಾರು 20 ಲಕ್ಷ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಬಡವರ ಮನೆಗಳಿಗಾಗಿ ಅಲ್ಲ, ಪೊಲೀಸು ಮೊದಲಾದ ತನ್ನ ಇಲಾಖೆಗಳ ಕೆಲಸಕ್ಕಾಗಿ.

ಇದೇ ಕಾಲದಲ್ಲಿ ಮಿನಿಯಾಪೊಲಿಸ್ ನಗರ ಬೇರೆ ದಾರಿ ಹಿಡಿದಿತ್ತು. ಅಲ್ಲಿಯೂ ಜಾಲ ಕಟ್ಟಿದ್ದು ಖಾಸಗಿ ಕಂಪೆನಿಯೇ. ಆದರೆ ನಗರಾಡಳಿತ ತಾನೇ ಮೊದಲ ದೊಡ್ಡ ಗಿರಾಕಿಯಾಗಿ, ಹತ್ತು ವರ್ಷ ವರ್ಷಕ್ಕೆ ಹನ್ನೆರಡೂವರೆ ಲಕ್ಷ ಡಾಲರು ಕೊಡುವ ಕರಾರು ಮಾಡಿಕೊಂಡಿತು. 2007ರ ಆಗಸ್ಟ್ 1ರಂದು ಮಿಸಿಸಿಪ್ಪಿ ನದಿಯ ಮೇಲಿನ ಹೆದ್ದಾರಿ ಸೇತುವೆ ಕುಸಿದಾಗ ಮೊಬೈಲ್ ಜಾಲಗಳು ಕರೆಗಳ ಭಾರದಿಂದ ತತ್ತರಿಸಿದವು. ಅರ್ಧ ಕಟ್ಟಿದ್ದ ನಗರದ ವೈಫೈ ರಕ್ಷಣಾಕಾರ್ಯಕ್ಕೆ ಒದಗಿತು. ಫಿಲಡೆಲ್ಫಿಯದ ಜಾಲ ಮುಚ್ಚಿದ ಬಳಿಕವೂ ಅದು ಹಲವು ವರ್ಷ ನಡೆಯಿತು. ಎರಡೂ ನಗರಗಳ ಪೆಟ್ಟಿಗೆಗಳಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ. ವ್ಯತ್ಯಾಸ ಕರಾರು ಪತ್ರದಲ್ಲಿತ್ತು.

ಕನ್ನಡ ನಾಡಿನ ಕಡೆಗೆ ಬರೋಣ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ರೇಡಿಯೊ ನಿಲಯ ಆರಂಭಿಸಿದರು. ಸ್ವಂತ ದುಡ್ಡಿನಿಂದ ಎಷ್ಟು ದಿನ ನಡೆಸಲಾದೀತು? ಕೆಲವು ವರ್ಷಗಳ ಮೇಲೆ ಮೈಸೂರು ಸಂಸ್ಥಾನವು ಅದನ್ನು ವಹಿಸಿಕೊಂಡಿತು. ಹಾಗಾಗಿ ಆಕಾಶವಾಣಿ ಎಂಬ ಹೆಸರೂ ದನಿಯೂ ಉಳಿದವು. ಅದೇ ಮೈಸೂರು 2004ರಲ್ಲಿ ಭಾರತದ ಮೊದಲ ವೈಫೈ ನಗರವೆಂದು ಹೆಸರಾಯಿತು. ಕಟ್ಟಿದ್ದು ಒಂದು ಖಾಸಗಿ ಸಂಸ್ಥೆ. ಈ ಸಲ ವಹಿಸಿಕೊಳ್ಳಲು ಸಂಸ್ಥಾನವಿರಲಿಲ್ಲ.

ಬೆಂಗಳೂರಿನಲ್ಲಿ 2014ರ ಜನವರಿಯಲ್ಲಿ ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆ ಮೊದಲಾದ ಕೆಲವೆಡೆ 'ನಮ್ಮ ವೈಫೈ' ಬಂತು. ದಿನಕ್ಕೆ 50 ಎಂಬಿ ಉಚಿತ. ಇಂದಿನ ಮಕ್ಕಳು ನಗುತ್ತಾರೆ. ಅಂದು ಅದು ಸಣ್ಣದಾಗಿರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಮೊಬೈಲ್ ಡೇಟಾದ ಬೆಲೆ ನೆಲಕಚ್ಚಿತು. ಬೀದಿಯ ವೈಫೈ ಹುಡುಕುವ ಅಗತ್ಯವೇ ಅನೇಕರಿಗೆ ಇಲ್ಲವಾಯಿತು. ಗೂಗಲ್ ಸಂಸ್ಥೆಯು ರೈಲ್‌ಟೆಲ್ ಜತೆಗೂಡಿ 400ಕ್ಕೂ ಹೆಚ್ಚು ರೈಲು ನಿಲ್ದಾಣಗಳಲ್ಲಿ ಕೊಟ್ಟಿದ್ದ ಉಚಿತ ವೈಫೈಯಿಂದ 2020ರಲ್ಲಿ ಹಿಂದೆ ಸರಿಯುವಾಗ ಹೇಳಿದ ಕಾರಣವೂ ಅಗ್ಗದ ಡೇಟಾವೇ. ನಿಲ್ದಾಣಗಳ ಸೇವೆಯನ್ನು ಸಾರ್ವಜನಿಕ ಸಂಸ್ಥೆಯಾದ ರೈಲ್‌ಟೆಲ್ ಮುಂದುವರಿಸಿತು.

ಆ ನಿಲ್ದಾಣಗಳ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. 2018ರಲ್ಲಿ ಎರ್ನಾಕುಲಂ ಜಂಕ್ಷನಿನ ಒಬ್ಬ ಹಮಾಲಿ, ತಲೆಯ ಮೇಲೆ ಸಾಮಾನು ಹೊತ್ತು ನಡೆಯುವಾಗಲೂ ಕಿವಿಗೆ ಸಿಕ್ಕಿಸಿಕೊಂಡ ಫೋನಿನಲ್ಲಿ ಪಾಠ ಕೇಳುತ್ತ, ಕೇರಳ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆಯಲ್ಲಿ ಉತ್ತೀರ್ಣನಾದ. ಪಾಠಗಳನ್ನು ಇಳಿಸಿಕೊಂಡದ್ದು ನಿಲ್ದಾಣದ ಉಚಿತ ವೈಫೈಯಿಂದ. ಮೂವತ್ತೈದು ವರ್ಷ ತರಗತಿಯಲ್ಲಿ ನಿಂತ ನನಗೆ ಈ ಸುದ್ದಿ ಕೊಟ್ಟ ಸಂತೋಷವನ್ನು ಯಾವ ಅಂಕಿಅಂಶವೂ ಕೊಟ್ಟಿಲ್ಲ.

ಕೆಡುಕನ್ನೂ ನೋಡಬೇಕಲ್ಲ. ನ್ಯೂಯಾರ್ಕ್ ನಗರವು 2016ರಲ್ಲಿ ಹಳೆಯ ದೂರವಾಣಿ ಬೂತುಗಳನ್ನು ತೆಗೆದು, ಜಾಹೀರಾತಿನ ಆದಾಯದಲ್ಲಿ ನಡೆಯುವ ವೈಫೈ ಕಂಬಗಳನ್ನು ನೆಟ್ಟಿತು. ಕಂಬದಲ್ಲಿದ್ದ ಪರದೆಯಲ್ಲಿ ಕೆಲವರು ಬೀದಿಯಲ್ಲೇ ಅಶ್ಲೀಲ ಚಿತ್ರ ನೋಡತೊಡಗಿದರೆಂಬ ದೂರುಗಳು ಬಂದು, ಅದೇ ಸೆಪ್ಟೆಂಬರಿನಲ್ಲಿ ಆ ಪರದೆಗಳಿಂದ ಜಾಲ ನೋಡುವ ಸೌಲಭ್ಯವನ್ನು ತೆಗೆಯಬೇಕಾಯಿತು. ಅದಕ್ಕಿಂತ ದೊಡ್ಡ ಆಕ್ಷೇಪ ಬಳಕೆದಾರರ ಮಾಹಿತಿಯನ್ನು ಎಷ್ಟು ಕಾಲ ಕೂಡಿಡುತ್ತಾರೆ ಎಂಬುದು. ನಮ್ಮಲ್ಲಿಯೂ ಉಚಿತ ವೈಫೈ ಬೇಕಾದರೆ ಮೊಬೈಲ್ ಸಂಖ್ಯೆ ಕೊಟ್ಟು ಒಟಿಪಿ ಹಾಕಬೇಕು. ದುರುಪಯೋಗ ತಡೆಯಲು ಅದು ಬೇಕೆನ್ನುತ್ತಾರೆ, ಸರಿ. ಆದರೆ ಪಂಚಾಯತು ರೇಡಿಯೊದ ಮುಂದೆ ಕುಳಿತವನ ಹೆಸರನ್ನು ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಅಪರಿಚಿತ ಜಾಲದಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದೆಂದು ನಮ್ಮ ಮನೆಯ ಮಕ್ಕಳೇ ನಮಗೆ ಹೇಳಿಕೊಡಬೇಕಾದ ಕಾಲವಿದು.

ಇನ್ನು ನಮ್ಮ ಮಾತು. 2020ರ ಜೂನ್ 1ರಂದು ಕೇರಳದಲ್ಲಿ 'ಫಸ್ಟ್ ಬೆಲ್' ಎಂಬ ಪಾಠಮಾಲೆ ಆರಂಭವಾಯಿತು. ಶಾಲೆ ಮುಚ್ಚಿದ್ದ ಕಾಲದಲ್ಲಿ ಅದು ದೊಡ್ಡ ಕೆಲಸ, ಕೃತಜ್ಞತೆಯಿಂದಲೇ ನೆನೆಯಬೇಕು. ಮಲಯಾಳ ಮಾಧ್ಯಮದ ಪಾಠಗಳು ವಿಕ್ಟರ್ಸ್ ವಾಹಿನಿಯಲ್ಲಿ ಬಂದವು. ಮನೆಯಲ್ಲಿ ಟೀವಿ ಇದ್ದರೆ ಸಾಕು. ಕನ್ನಡ ಮಾಧ್ಯಮದ ಪಾಠಗಳಿಗೆ ಮುಖ್ಯ ದಾರಿ ಯೂಟ್ಯೂಬ್. ಅಂದರೆ ಕನ್ನಡದ ಮಗುವಿಗೆ ಟೀವಿ ಸಾಲದು, ಜಾಲವೇ ಬೇಕು. ಸಂಖ್ಯೆ ಕಡಿಮೆಯಿರುವ ಭಾಷೆಗೆ ವಾಹಿನಿಯ ಸಮಯ ಸಿಗುವುದು ಕಷ್ಟ, ಜಾಲದಲ್ಲಿ ಜಾಗ ಸಿಗುವುದು ಸುಲಭ. ಆದರೆ ಆ ಜಾಗಕ್ಕೆ ಹೋಗುವ ದಾರಿಯ ಸುಂಕವನ್ನು ಮಗುವಿನ ಮನೆಯವರೇ ತೆರಬೇಕಾಯಿತು. ಅಗ್ಗದ ಡೇಟಾ ಎಂಬ ಮಾತು ಗುಡ್ಡಗಳ ನಡುವಿನ ನಮ್ಮ ಹಳ್ಳಿಗಳಿಗೆ ಪೂರ್ತಿ ಅನ್ವಯಿಸದು. ಸಿಗ್ನಲ್ ಸಿಗದಲ್ಲಿ ಬೆಲೆ ಎಷ್ಟಾದರೇನು? ನನಗೆ ಪರಿಚಯದ ಅಧ್ಯಾಪಿಕೆಯೊಬ್ಬರು ಪಾಠಗಳನ್ನು ಮೆಮೊರಿ ಕಾರ್ಡಿಗೆ ತುಂಬಿಸಿ, ಆ ಮಳೆಗಾಲವಿಡೀ ಗಂಡನ ಬೈಕಿನಲ್ಲಿ ಮನೆಮನೆಗೆ ತಲುಪಿಸಿದರು.

ಅದಕ್ಕೆ ಹಿಂದಿನ ವರ್ಷ, 2019ರಲ್ಲಿ, ಅಂತರ್ಜಾಲದ ಬಳಕೆ ಶಿಕ್ಷಣದ ಹಕ್ಕಿನ ಭಾಗವೆಂದು ಕೇರಳ ಉಚ್ಚ ನ್ಯಾಯಾಲಯ ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ ಹೇಳಿತ್ತು. 2023ರ ಜೂನ್ 5ರಂದು ಕೆ-ಫೋನ್ ಉದ್ಘಾಟನೆಯಾಯಿತು. ಫಿಲಡೆಲ್ಫಿಯದಂತೆ ಗಾಳಿಯನ್ನು ನಂಬದೆ, ವಿದ್ಯುತ್ ಮಂಡಳಿಯ ಕಂಬಗಳ ಮೇಲೆ ಸರಕಾರವೇ ತಂತಿ ಎಳೆಸಿದ ಯೋಜನೆಯಿದು. ಮೂವತ್ತು ಸಾವಿರ ಸರಕಾರಿ ಕಚೇರಿ, ಶಾಲೆಗಳಿಗೆ ಸಂಪರ್ಕ, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸೇವೆ ಎಂಬುದು ಗುರಿ. ಮೊದಲ ಹಂತಕ್ಕೆ ನಿಗದಿಯಾದದ್ದು ವಿಧಾನಸಭಾ ಕ್ಷೇತ್ರಕ್ಕೆ ನೂರರಂತೆ 14,000 ಮನೆಗಳು. ಗುರಿಗೂ ಮೊದಲ ಹಂತಕ್ಕೂ ನಡುವಿನ ದೂರವನ್ನು ಓದುಗರೇ ಅಳೆಯಲಿ. ಆದರೂ ಕಂಬ ಸಾರ್ವಜನಿಕರದು, ತಂತಿಯೂ ಸಾರ್ವಜನಿಕರದು ಎಂಬುದು ಸಣ್ಣ ಮಾತಲ್ಲ.

ನಮ್ಮ ಸಂಘ ಮಾಡಬಹುದಾದ ಒಂದು ಕೆಲಸ ನನಗೆ ತೋರುತ್ತದೆ. ನಮ್ಮ ಹಳ್ಳಿಗಳಲ್ಲಿ ಕನ್ನಡ ಪತ್ರಿಕೆ ತರಿಸುವ ವಾಚನಾಲಯಗಳು ಇನ್ನೂ ಉಸಿರಾಡುತ್ತಿವೆ. ಊರಿಡೀ ವೈಫೈ ಬೇಡ, ಆ ಒಂದು ಕೋಣೆಗೆ ಸಂಪರ್ಕ ಕೊಡಿ ಎಂದು ಪಂಚಾಯತುಗಳನ್ನು ಕೇಳೋಣ. ಕೇಳುವಾಗ ಪೆಟ್ಟಿಗೆಯೊಂದನ್ನೇ ಕೇಳುವುದು ಬೇಡ. ತಿಂಗಳ ಬಾಡಿಗೆ ಎಷ್ಟು, ಸಿಡಿಲಿಗೆ ಸುಟ್ಟರೆ ಬದಲಿಸುವ ಹಣ ಯಾವ ಬಾಬಿನಿಂದ ಎಂಬುದನ್ನೂ ಆಯವ್ಯಯ ಪಟ್ಟಿಯಲ್ಲಿ ಬರೆಸಿಕೊಂಡೇ ಬರೋಣ. ಅರ್ಜಿಯ ಕರಡನ್ನು ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಸಿದ್ಧಪಡಿಸಿಕೊಡಲು ನಾನು ಒಪ್ಪಿದ್ದೇನೆ.