ಮನೆಯ ಸೌರವಿದ್ಯುತ್ತಿನಿಂದ ಬಿಟ್‌ಕಾಯಿನ್ ಗಣಿಗಾರಿಕೆ

ಮನೆಯ ಸೌರವಿದ್ಯುತ್ತಿನಿಂದ ಬಿಟ್‌ಕಾಯಿನ್ ಗಣಿಗಾರಿಕೆ ಎಂದರೆ ಛಾವಣಿಯ ಮೇಲಿನ ಸೌರಫಲಕಗಳು ಉತ್ಪಾದಿಸುವ ವಿದ್ಯುತ್ತಿನಿಂದ ಗಣಕಯಂತ್ರಗಳನ್ನು ನಡೆಸಿ, ಬಿಟ್‌ಕಾಯಿನ್ ಎಂಬ ಕ್ರಿಪ್ಟೊಕರೆನ್ಸಿಯನ್ನು ಗಳಿಸುವ ಕ್ರಮ. ಗಣಿಗಾರಿಕೆಯ ದೈನಂದಿನ ವೆಚ್ಚದಲ್ಲಿ ವಿದ್ಯುತ್ತಿನದೇ ದೊಡ್ಡ ಪಾಲು. ಆದ್ದರಿಂದ ಬಿಸಿಲಿನಿಂದ ದೊರೆತ ವಿದ್ಯುತ್ತು ಉಚಿತವೆಂಬ ಭಾವನೆಯಿಂದ ಹಲವರು ಈ ಕ್ರಮದತ್ತ ಆಕರ್ಷಿತರಾಗುತ್ತಾರೆ. ಬಿಸಿಲಿಗೆ ಬೆಲೆಯಿಲ್ಲದಿದ್ದರೂ ಅದರಿಂದ ಹುಟ್ಟಿದ ವಿದ್ಯುತ್ತಿಗೆ ಬೆಲೆಯಿದೆ. ಅದನ್ನು ಮನೆಗೆ ಬಳಸಿದರೆ ಬಿಲ್ಲಿನಲ್ಲಿ ಉಳಿತಾಯವಾಗುತ್ತದೆ. ವಿದ್ಯುತ್ ಕಂಪನಿಗೆ ಕೊಟ್ಟರೆ ಹಣ ಬರುತ್ತದೆ. ಗಣಿಗಾರಿಕೆಯ ಲಾಭನಷ್ಟವನ್ನು ಈ ಎರಡರೊಡನೆ ಹೋಲಿಸಿಯೇ ನಿರ್ಣಯಿಸಬೇಕಾಗುತ್ತದೆ.

ಗಣಿಗಾರಿಕೆಯ ಸ್ವರೂಪ

ಸಟೋಶಿ ನಕಮೊಟೊ ಎಂಬ ಗುಪ್ತನಾಮದಲ್ಲಿ 2008ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಪ್ರಬಂಧವು ಬಿಟ್‌ಕಾಯಿನ್‌ನ ಮೂಲ. ಇದರ ಮೊದಲ ಬ್ಲಾಕ್ 2009ರ ಜನವರಿ 3ರಂದು ರಚಿತವಾಯಿತು. ಹಣದ ವರ್ಗಾವಣೆಗಳ ಲೆಕ್ಕವನ್ನು ಬ್ಲಾಕ್‌ಗಳೆಂಬ ಪುಟಗಳಲ್ಲಿ ದಾಖಲಿಸಲಾಗುತ್ತದೆ. ಹೊಸ ಪುಟವನ್ನು ಸೇರಿಸುವ ಹಕ್ಕು ಒಂದು ನಿರ್ದಿಷ್ಟ ಸಂಖ್ಯೆಯನ್ನು ಮೊದಲು ಕಂಡುಹಿಡಿದವರಿಗೆ ಸಲ್ಲುತ್ತದೆ. ಅದನ್ನು ಸೂತ್ರದಿಂದ ಪಡೆಯಲಾಗದು. ಸಂಖ್ಯಾಬೀಗವನ್ನು ಒಂದೊಂದೇ ಅಂಕಿ ತಿರುಗಿಸಿ ತೆರೆಯುವಂತೆ, ಯಂತ್ರಗಳು ಲೆಕ್ಕವಿಲ್ಲದಷ್ಟು ಸಲ ಪ್ರಯತ್ನಿಸುತ್ತಲೇ ಇರಬೇಕು. ವಿದ್ಯುತ್ತು ವ್ಯಯವಾಗುವುದು ಈ ಪ್ರಯತ್ನಗಳಿಗೆ.

ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್ ದೊರೆಯುವಂತೆ, ಪ್ರತಿ 2,016 ಬ್ಲಾಕ್‌ಗಳಿಗೊಮ್ಮೆ ಈ ಶೋಧದ ಕಠಿಣತೆಯನ್ನು ವ್ಯವಸ್ಥೆಯೇ ಸರಿಹೊಂದಿಸಿಕೊಳ್ಳುತ್ತದೆ. ಯಂತ್ರಗಳು ಹೆಚ್ಚಿದರೆ ಕಠಿಣತೆಯೂ ಹೆಚ್ಚುವುದರಿಂದ ಒಟ್ಟು ಗಳಿಕೆ ಹೆಚ್ಚುವುದಿಲ್ಲ. ಪ್ರತಿಯೊಬ್ಬರ ಪಾಲು ಕಿರಿದಾಗುತ್ತದೆ. ಆರಂಭದಲ್ಲಿ ಪ್ರತಿ ಬ್ಲಾಕ್‌ಗೆ 50 ಬಿಟ್‌ಕಾಯಿನ್ ಇದ್ದ ಬಹುಮಾನವು ಸುಮಾರು ನಾಲ್ಕು ವರ್ಷಗಳಿಗೊಮ್ಮೆ ಅರ್ಧವಾಗುತ್ತ ಬಂದು, 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು.

ಯಂತ್ರ ಮತ್ತು ಛಾವಣಿ

ಮೊದಲ ವರ್ಷಗಳಲ್ಲಿ ಮನೆಯ ಸಾಮಾನ್ಯ ಕಂಪ್ಯೂಟರ್ ಸಾಕಾಗುತ್ತಿತ್ತು. ಈಗ ಇದೊಂದೇ ಕೆಲಸಕ್ಕಾಗಿ ರೂಪಿಸಿದ, ಎಸಿಕ್ ಎಂಬ ಚಿಪ್‌ಗಳುಳ್ಳ ಯಂತ್ರಗಳು ಅನಿವಾರ್ಯ. ಉದಾಹರಣೆಗೆ, 2020ರಲ್ಲಿ ಮಾರುಕಟ್ಟೆಗೆ ಬಂದ ಆಂಟ್‌ಮೈನರ್ ಎಸ್19 ಪ್ರೊ ಯಂತ್ರವು ಸೆಕೆಂಡಿಗೆ 110 ಟೆರಾಹ್ಯಾಶ್, ಅಂದರೆ 110 ಲಕ್ಷ ಕೋಟಿ ಪ್ರಯತ್ನಗಳನ್ನು ನಡೆಸುತ್ತದೆ. ಅದು ಬಳಸುವ ವಿದ್ಯುತ್ತು ಸುಮಾರು 3,250 ವ್ಯಾಟ್. ಹಗಲಿರುಳು ನಡೆದರೆ ದಿನಕ್ಕೆ 78 ಯೂನಿಟ್ ಬೇಕು.

ಕರ್ನಾಟಕದಲ್ಲಿ 1 ಕಿಲೋವ್ಯಾಟ್ ಸಾಮರ್ಥ್ಯದ ಸೌರಫಲಕದಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ದೊರೆಯುತ್ತದೆ ಮತ್ತು ಅದಕ್ಕೆ ಸುಮಾರು 10 ಚದರ ಮೀಟರ್ ನೆರಳಿಲ್ಲದ ಜಾಗ ಬೇಕು. ಈ ಲೆಕ್ಕದಂತೆ ಒಂದೇ ಯಂತ್ರಕ್ಕೆ ಸುಮಾರು 20 ಕಿಲೋವ್ಯಾಟ್ ಫಲಕಗಳೂ 2,150 ಚದರ ಅಡಿ ಜಾಗವೂ ಬೇಕಾಗುತ್ತವೆ. 30×40 ಅಡಿಯ ಇಡೀ ನಿವೇಶನದ ವಿಸ್ತೀರ್ಣವೇ 1,200 ಚದರ ಅಡಿ. ಮನೆಗಳಲ್ಲಿ ಸಾಮಾನ್ಯವಾಗಿರುವ 3 ಕಿಲೋವ್ಯಾಟ್ ಘಟಕವು ನಡುಮಧ್ಯಾಹ್ನದಲ್ಲಿಯೂ ಈ ಯಂತ್ರವನ್ನು ಪೂರ್ಣವಾಗಿ ನಡೆಸಲಾರದು. ರಾತ್ರಿಯೂ ಮೋಡದ ದಿನಗಳಲ್ಲಿಯೂ ಯಂತ್ರವನ್ನು ನಿಲ್ಲಿಸಬೇಕು, ಇಲ್ಲವೇ ಬ್ಯಾಟರಿಗೆ ಬಂಡವಾಳ ಹೂಡಬೇಕು, ಇಲ್ಲವೇ ವಿದ್ಯುತ್ ಕಂಪನಿಯ ಸಂಪರ್ಕವನ್ನೇ ಅವಲಂಬಿಸಬೇಕು.

ಗಳಿಕೆಯ ಲೆಕ್ಕ

2024ರ ಕೊನೆಯ ಹೊತ್ತಿಗೆ ಜಗತ್ತಿನ ಎಲ್ಲ ಬಿಟ್‌ಕಾಯಿನ್ ಯಂತ್ರಗಳ ಒಟ್ಟು ಸಾಮರ್ಥ್ಯ 60 ಕೋಟಿ ಟೆರಾಹ್ಯಾಶ್‌ಗಳನ್ನು ಮೀರಿತ್ತು. 60 ಕೋಟಿ ಎಂದೇ ಹಿಡಿದರೂ ಮೇಲಿನ ಯಂತ್ರದ ಪಾಲು ಸುಮಾರು 54.5 ಲಕ್ಷದಲ್ಲಿ ಒಂದು. ದಿನಕ್ಕೆ 144 ಬ್ಲಾಕ್‌ಗಳಂತೆ, ಒಂಟಿಯಾಗಿ ದುಡಿಯುವ ಯಂತ್ರವು ಎಡೆಬಿಡದೆ ನಡೆದರೂ ಒಂದು ಬ್ಲಾಕ್ ದೊರೆಯಲು ಸರಾಸರಿ 100 ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಆದ್ದರಿಂದ ಮನೆಯ ಗಣಿಗಾರರು ಪೂಲ್ ಎಂಬ ಕೂಟಗಳನ್ನು ಸೇರಿ, ತಮ್ಮ ದುಡಿಮೆಗೆ ತಕ್ಕ ಪಾಲನ್ನು ಪಡೆಯುತ್ತಾರೆ.

ಬಿಟ್‌ಕಾಯಿನ್ ಒಂದರ ಹತ್ತು ಕೋಟಿಯಲ್ಲಿ ಒಂದು ಭಾಗಕ್ಕೆ ಸಟೋಶಿ ಎಂದು ಹೆಸರು. ಬ್ಲಾಕ್ ಬಹುಮಾನವನ್ನಷ್ಟೇ ಪರಿಗಣಿಸಿದರೆ ಈ ಯಂತ್ರದ ದಿನದ ಗಳಿಕೆ ಸುಮಾರು 8,250 ಸಟೋಶಿ, ಅಂದರೆ ಯೂನಿಟ್ಟಿಗೆ ಸುಮಾರು 106. ಬಿಟ್‌ಕಾಯಿನ್ ಬೆಲೆ 80 ಲಕ್ಷ ರೂಪಾಯಿ ಎಂದು ಊಹಿಸಿಕೊಂಡರೆ ಒಂದು ಯೂನಿಟ್ಟಿನಿಂದ ಸುಮಾರು 8.50 ರೂಪಾಯಿ ಬರುತ್ತದೆ. ಶೇ 30ರ ತೆರಿಗೆ ಕಳೆದರೆ ಉಳಿಯುವುದು 6 ರೂಪಾಯಿಯ ಆಸುಪಾಸು. ಗೃಹಬಳಕೆಯ ವಿದ್ಯುತ್ತಿನ ದರವೂ ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಂಡರೆ, ಅದೇ ವಿದ್ಯುತ್ತನ್ನು ಮನೆಗೆ ಬಳಸಿದ್ದರೂ ಅಷ್ಟೇ ಉಳಿಯುತ್ತಿತ್ತು. ಯಂತ್ರದ ಬೆಲೆ, ಪೂಲ್‌ನ ಶುಲ್ಕ ಮತ್ತು ದುರಸ್ತಿ ಈ ಲೆಕ್ಕದಲ್ಲಿ ಸೇರಿಲ್ಲ.

ಮನೆಯ ಅಗತ್ಯ ಮುಗಿದು ಉಳಿದ ವಿದ್ಯುತ್ತಿಗೆ ತೀರ ಕಡಿಮೆ ದರ ಸಿಗುವಲ್ಲಿ ಲೆಕ್ಕ ಬದಲಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್ ಮಧ್ಯದಿಂದ ಹೊಸ ಛಾವಣಿ ಘಟಕಗಳ ಹೆಚ್ಚುವರಿ ವಿದ್ಯುತ್ತಿಗೆ ಕೊಡುವ ದರವನ್ನು ಬಹಳವಾಗಿ ಇಳಿಸಲಾಯಿತು. ಇಂತಹ ಕಡೆಗಳಲ್ಲಿ ಹೆಚ್ಚುವರಿ ವಿದ್ಯುತ್ತನ್ನು ಮನೆಯಲ್ಲೇ ಬಳಸಿಕೊಳ್ಳುವ ದಾರಿಗಳಲ್ಲಿ ಗಣಿಗಾರಿಕೆಯೂ ಒಂದು.

ಭಾರತದ ಕಾನೂನು

ಬ್ಯಾಂಕುಗಳು ಕ್ರಿಪ್ಟೊಕರೆನ್ಸಿ ವ್ಯವಹಾರಕ್ಕೆ ಸೇವೆ ನೀಡಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ರದ್ದುಪಡಿಸಿತು. ಕ್ರಿಪ್ಟೊಕರೆನ್ಸಿ ಭಾರತದಲ್ಲಿ ಅಧಿಕೃತ ಚಲಾವಣೆಯ ಹಣವಲ್ಲ. 2022ರ ಹಣಕಾಸು ಕಾಯಿದೆಯು ಇದರ ವರ್ಗಾವಣೆಯಿಂದ ಬಂದ ಆದಾಯಕ್ಕೆ ಶೇ 30ರ ತೆರಿಗೆಯನ್ನು ವಿಧಿಸಿತು. ಗಣಿಗಾರಿಕೆಯ ಮೂಲಸೌಕರ್ಯಕ್ಕೆ ತಗಲಿದ ಖರ್ಚನ್ನು ಈ ಆದಾಯದಿಂದ ಕಳೆಯುವಂತಿಲ್ಲವೆಂದು ಕೇಂದ್ರ ಸರ್ಕಾರವು ಅದೇ ವರ್ಷ ಸಂಸತ್ತಿನಲ್ಲಿ ಸ್ಪಷ್ಟಪಡಿಸಿತು.

ಮಿತಿಗಳು ಮತ್ತು ಪರಿಣಾಮ

ಸೌರಫಲಕದ ಬಾಳಿಕೆ ಸಾಮಾನ್ಯವಾಗಿ 25 ವರ್ಷ. ಗಣಿಗಾರಿಕೆಯ ಯಂತ್ರವಾದರೋ ಕೆಡದಿದ್ದರೂ ಹೊಸ ಮಾದರಿಗಳ ಎದುರು ಕೆಲವೇ ವರ್ಷಗಳಲ್ಲಿ ಹಿಂದೆ ಬೀಳುತ್ತದೆ. ಬೇರಾವ ಕೆಲಸಕ್ಕೂ ಬಾರದ ಕಾರಣ ಕೊನೆಗೆ ಅದು ಎಲೆಕ್ಟ್ರಾನಿಕ್ ತ್ಯಾಜ್ಯವಾಗುತ್ತದೆ. ವ್ಯವಸ್ಥೆಯ ನಿಯಮಗಳೂ ಬದಲಾಗಬಹುದು. ಎಥೀರಿಯಮ್ ಎಂಬ ಇನ್ನೊಂದು ಕ್ರಿಪ್ಟೊಕರೆನ್ಸಿ 2022ರ ಸೆಪ್ಟೆಂಬರ್ 15ರಂದು ಗಣಿಗಾರಿಕೆಯನ್ನೇ ಕೈಬಿಟ್ಟಿತು. ಅದಕ್ಕಾಗಿ ಯಂತ್ರಗಳನ್ನು ಕೊಂಡಿದ್ದವರ ಆ ಗಳಿಕೆ ಅಂದೇ ನಿಂತುಹೋಯಿತು.

ಯಂತ್ರವು ಬಳಸುವ ವಿದ್ಯುತ್ತೆಲ್ಲ ಶಾಖವಾಗಿ ಹೊರಬರುತ್ತದೆ. ಚಳಿದೇಶಗಳಲ್ಲಿ ಇದರಿಂದ ಕೋಣೆಯನ್ನು ಬೆಚ್ಚಗಿರಿಸಬಹುದು. ಬೇಸಿಗೆಯ ಕಲಬುರಗಿ, ರಾಯಚೂರುಗಳಲ್ಲಿ ಅದೇ ಹೊರೆಯಾಗುತ್ತದೆ. ಯಂತ್ರದ ಬೀಸಣಿಗೆಗಳ ಸದ್ದು ಸುಮಾರು 75 ಡೆಸಿಬೆಲ್‌ನಷ್ಟಿರುವುದರಿಂದ ವಾಸದ ಮನೆಯೊಳಗೆ ಇಡುವುದು ಕಷ್ಟ.

ಪರಿಸರದ ದೃಷ್ಟಿಯಿಂದಲೂ ಇದೇ ವಿವೇಚನೆ ಅಗತ್ಯ. ವ್ಯರ್ಥವಾಗುತ್ತಿದ್ದ ಸೌರವಿದ್ಯುತ್ತನ್ನು ಬಳಸಿದರೆ ಹೆಚ್ಚುವರಿ ಕಲ್ಲಿದ್ದಲು ಉರಿಯುವುದಿಲ್ಲ. ನೆರೆಮನೆಗಳಿಗೆ ಹರಿಯಬಹುದಾಗಿದ್ದ ವಿದ್ಯುತ್ತನ್ನು ಯಂತ್ರಕ್ಕೆ ತಿರುಗಿಸಿದರೆ, ಆ ಮನೆಗಳ ಬೇಡಿಕೆಯನ್ನು ಬೇರೊಂದು ವಿದ್ಯುತ್ ಸ್ಥಾವರ ಪೂರೈಸಬೇಕಾಗುತ್ತದೆ.